ಏಳು ಚುಕ್ಕೆಯ ಹುಲಿಹುಳ

ಏಳು ಚುಕ್ಕೆಯ ಹುಲಿಹುಳ ಹಿಡಿದವನು ಈ ಭೂಮಿ ಮೇಲೆ ನಾನೊಬ್ಬನೇ. ಕಣ್ಣಾರೆ ಕಂಡವರು ಇಬ್ಬರು, ನಮ್ಮ ಮನೆಯವಳು ಮತ್ತು ಹುಳದ ಮೇಷ್ಟ್ರು. ಇಬ್ಬರೂ ಈಗಿಲ್ಲ. ಸುಳ್ಳು ಅನ್ನೋಕೆ ಯಾರವ್ರೆ?

ಮೊನ್ನೆ ಮೇಷ್ಟ್ರ ಮಗಳು ಅವರ ಹುಳದ ಪೆಟ್ಟಿಗೆ ಹಿಡಿದು ಹಳೇಬೀಡಿಗೆ ಬಂದಳು. ಕಾಲೇಜಿಗೆ ಕೊಡುವ ಮುಂಚೆ ಶುಚಿ ಮಾಡಿ, ಯಾವುದು ಎಲ್ಲಿ ಸಿಕ್ಕಿದ್ದು ಅಂತ ಬರೆದುಕೊಳ್ಳಬೇಕಂತೆ. ಹುಳ ಹಿಡಿಯುವವನ ಬಾಳಲ್ಲಿ ಒಂದಲ್ಲ ಒಂದು ಆಗ್ತಾನೇ ಇರ್ತದೆ, ಕೂತ್ಕೊಳವ್ವ ಅಂದೆ.

೧. ರವಿಕೆ

ಮುಂಗಾರು ಬಿದ್ದ ಮೇಲೆ ಮೇಷ್ಟ್ರು ಕಾಲೇಜಿನಿಂದ ಹುಳ ಹುಡುಕ್ಕೊಂಡು ಬಂದು ನಮ್ಮನೇಲೇ ಉಳಿಯೋರು. ಬೇಟೆಯಾಡೋ ಹುಳಗಳಲ್ಲೂ ಕುಲ ಐತೆ ಅಂತ ನಮ್ಮ ಜಗಲಿ ಮೇಲೆ ಪಾಠ. ಉಬ್ಬಿದ ಕಣ್ಣು, ಕುಡುಗೋಲಿನಂಥ ದವಡೆ, ಉದ್ದ ಕಾಲು ಇದ್ದರೆ ಹುಲಿಹುಳ. ಬೆನ್ನ ಮೇಲೆ ಉತ್ತ ಸಾಲಿನಂತೆ ಗೆರೆ ಇದ್ದರೆ ನೆಲದ ಹುಳ. ರೆಕ್ಕೆಯ ಚಿಪ್ಪು ಗಿಡ್ಡವಾಗಿ ಹೊಟ್ಟೆ ಕಂಡರೆ ಮೂರನೇ ಕುಲ. ಎಲೆಗೆ ಸುಣ್ಣ ಹಚ್ಚುತ್ತಿದ್ದ ನಮ್ಮವಳು ಬಗ್ಗಿ ನೋಡಿ, "ಅಯ್ಯೋ, ರವಿಕೆ ಬಟ್ಟೇನೆಲ್ಲ ದರ್ಜಿ ಉಳಿಸ್ಕೊಂಡವ್ನೆ" ಅಂದಳು. ಮುದ್ದೆ ನುಂಗುತ್ತಿದ್ದ ಮೇಷ್ಟ್ರು ಕೆಮ್ಮಿ ಕೆಮ್ಮಿ ಒಂದು ಚೊಂಬು ನೀರು ಕುಡಿದರು.

೨. ಓಟ

ಜೋರಾಗಿ ಓಡಿದರೆ ಹುಲಿಹುಳಕ್ಕೆ ಕಣ್ಣು ಕಾಣಲ್ಲ, ನಿಂತು ನಿಂತು ಓಡ್ತದೆ. ನಾನು ನಿಲ್ಲಲಿಲ್ಲ. ಕೆರೆ ದಂಡೆ ಮೇಲೆ ಬಲೆ ಎತ್ತಿ ಗಾಳಿಯಂಗೆ ಓಡಿದೆ, ಪಂಚೆ ಹಿಂದೆ ಉಳಿಯಿತು. ಒಂದು ಬಸ್ಸು ಜನ ದೇವಸ್ಥಾನ ಬಿಟ್ಟು ನನ್ನ ಫೋಟೋ ಹೊಡೆದರು. ನಮ್ಮವಳು ಪಂಚೆ ತಂದು ಎಸೆದು, "ಗೈಡು ಅವ್ರಿಗೆ ಹೇಳ್ತಾವ್ನೆ, ಇದು ಹೊಯ್ಸಳರ ಕಾಲದ್ದಲ್ಲ ಅಂತ" ಅಂದಳು.

೩. ಏಳನೆಯದು

ಒಂದು ವರ್ಷ ಹೊರಡುವ ಹಿಂದಿನ ದಿನ ಮೇಷ್ಟ್ರು, "ಇಲ್ಲಿನವೆಲ್ಲ ಆರು ಚುಕ್ಕೆಯವೇ. ಹೊಸದೇನೂ ಇಲ್ಲ, ಮುಂದಿನ ವರ್ಷ ಬೇರೆ ಕಡೆ ಹೋಗ್ತೀನಿ" ಅಂದರು. ನಮ್ಮವಳ ಮುಖ ಸಣ್ಣಗಾಯಿತು. ಮಕ್ಕಳಿಲ್ಲದ ಮನೆ, ಅವರು ಬಂದಾಗಲೇ ಅವಳ ನಗು ಬೀದಿಗೆ ಕೇಳುತ್ತಿದ್ದುದು.

ಬೆಳಗ್ಗೆ ನೋಡಿದರೆ ನನ್ನ ಡಬ್ಬಿಯಲ್ಲಿ ಏಳು ಚುಕ್ಕೆಯದು! ಮೇಷ್ಟ್ರು ಭೂತಗನ್ನಡಿ ಹಿಡಿದು ಬಹಳ ಹೊತ್ತು ಹುಳ ನೋಡಿದರು. ಆಮೇಲೆ ಅವಳನ್ನು ನೋಡಿದರು. ಚೀಟಿ ಬರೆದು ಸೂಜಿಗೆ ಚುಚ್ಚಿದರು. ಮಾರನೇ ವರ್ಷವೂ ಬಂದರು, ಅದರ ಮಾರನೇ ವರ್ಷವೂ ಬಂದರು. ಅದರ ಮುಂದಿನ ಸಲ ಬಂದಾಗ ಮನೆಯಲ್ಲಿ ನಾನೊಬ್ಬನೇ ಇದ್ದೆ. ಇಬ್ಬರೂ ಮುದ್ದೆ ಉಂಡೆವು. ಯಾರಿಗೂ ಕೆಮ್ಮು ಬರಲಿಲ್ಲ.

ಹೇಳುತ್ತಿದ್ದ ಹಾಗೇ ಹುಡುಗಿ ಆ ಹುಳದ ಧೂಳು ಒರೆಸೋಕೆ ಒದ್ದೆ ಕುಂಚ ಎತ್ತಿದಳು.

"ಅದೊಂದನ್ನ ಮುಟ್ಟಬೇಡ ಕಣವ್ವ!" ಅಂತ ಕೈ ಹಿಡಿದುಕೊಂಡೆ.

ಅವಳು ಚೀಟಿ ತಿರುಗಿಸಿ ಓದಿದಳು. "ತಾತ, ಅಪ್ಪ ಇಲ್ಲಿ ಬರೆದಿದ್ದಾರೆ. 'ಏಳನೆಯದು ಸುಣ್ಣ. ಒರೆಸಬಾರದು.'"

ನಾನು ಹೆಗಲ ಟವೆಲ್ಲು ಕೊಡವಿ ಮತ್ತೆ ಹಾಕಿಕೊಂಡೆ.

"ಓದೋಕೆ ನಂಗೆಲ್ಲಿ ಬತ್ತದವ್ವ? ಎಣಿಸೋಕೆ ಬತ್ತದೆ. ಏಳು ಅವೆ."