ಬೇಡವೆನ್ನಲು ಹೋಗಿ ಉಂಡು ಬಂದದ್ದು

೧೯೮೭ರಲ್ಲಿ ಏಳನೇ ತರಗತಿಗೆ ನನ್ನ ಓದು ನಿಂತಿತು. ಅಲ್ಲಿಂದ ಕೆಂಪುಕಲ್ಲಿನ ಕೆಲಸ. ಪಂಜದಿಂದ ಕಡಬದವರೆಗೆ ನಾನು ಕಟ್ಟಿದ ಗೋಡೆ ಒಂದೂ ವಾಲಿಲ್ಲ. ನನ್ನ ಮಾತೂ ವಾಲುವುದಿಲ್ಲವೆಂದು ಕಳೆದ ವರ್ಷದವರೆಗೆ ನಂಬಿಕೊಂಡಿದ್ದೆ. ಹಸಿವೆ ಮತ್ತು ಅಭಿಮಾನ ಒಂದೇ ಹೊತ್ತಿಗೆ ಬಂದರೆ ಮನುಷ್ಯನಿಗೆ ಏನಾಗುತ್ತದೆಂದು ಆಗ ಗೊತ್ತಿರಲಿಲ್ಲ.

ಮಗಳು ದೀಕ್ಷಾ ನೆಟ್ಟಣದ ಜೋಬಿನ್ ಎಂಬ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ರಬ್ಬರು ನೆಟ್ಟ ಮನೆತನ. ಅವರದು ಇಗರ್ಜಿ, ನಮ್ಮದು ದೈವ. ನಾನಾದರೋ ಪುತ್ತೂರಿನಲ್ಲಿ ನಮ್ಮವರದೇ ಒಬ್ಬ ಹುಡುಗನನ್ನು ನೋಡಿದ್ದೆ. ಮುಂದಿನ ಭಾನುವಾರ ಪುತ್ತೂರಿನವರಲ್ಲಿ ನಮಗೆ ಊಟವಿತ್ತು. ಸಂಬಂಧದ ಮಾತಿಗೆ ಹೋದಲ್ಲಿ ಚಹಾ ಕುಡಿಯಬಹುದು, ಅನ್ನ ಮುಟ್ಟಬಾರದು, ಉಂಡರೆ ಒಪ್ಪಿದ ಹಾಗೆ. ಇದು ನಮ್ಮ ಮನೆಯ ರೂಢಿ. ನನ್ನ ಮದುವೆಯೂ ಹಾಗೆಯೇ ನಿಶ್ಚಯವಾದದ್ದು. ಸೋದರಮಾವ ಕೋಳಿ ಸಾರಿನ ಪರಿಮಳಕ್ಕೆ ಸೋತು ಎಲೆಯ ಮುಂದೆ ಕೂತುಬಿಟ್ಟರು. ಹುಡುಗಿಯನ್ನು ನಾನು ನೋಡಿದ್ದು ಆಮೇಲೆ.

ಅದಕ್ಕೆ ಮೊದಲು ನೆಟ್ಟಣಕ್ಕೆ ಹೋಗಿ ಮರ್ಯಾದೆಯಿಂದ ಬೇಡವೆಂದು ಹೇಳಿಬರಲು ಹೊರಟೆ. ದೀಕ್ಷಾ ಅಳಲಿಲ್ಲ. “ಒಮ್ಮೆ ಅವರ ಮನೆ ಸರೀ ನೋಡಿ ಅಪ್ಪ. ಮತ್ತೆ ನೀವು ಹೇಳಿದ ಹಾಗೆ” ಎಂದಳು.

ಜೋಬಿನ್‌ನ ತಂದೆ ಕುರಿಯನ್ ತೋಟದಲ್ಲಿದ್ದರು. ತಾಯಿ ಕುರ್ಚಿ ಹಾಕಿ ಕೂರಲು ಹೇಳಿದರು. ಕೂರುವುದು ಹೇಗೆ? ಕಣ್ಣೆದುರಿಗೇ ಅಂಗಳದ ಮೆಟ್ಟಿಲು ಒಂದು ಬದಿಗೆ ಜಗ್ಗಿತ್ತು. ಯಾವ ಪುಣ್ಯಾತ್ಮ ಕಟ್ಟಿದ್ದೋ! ಸ್ವಲ್ಪ ಹೊತ್ತು ಆಕಾಶ ನೋಡಿದೆ. ಆಗಲಿಲ್ಲ. ನನ್ನ ಬೈಕಿನಲ್ಲಿ ಗಾರೆ ಮೆತ್ತುವ ಕರಣೆ ಯಾವಾಗಲೂ ಇರುತ್ತದೆ. ಶರ್ಟು ಕಳಚಿ ಇಳಿದೆ. ಕುರಿಯನ್ ಬಂದಾಗ ನಾನು ಕಲ್ಲು ಕಿತ್ತಾಗಿತ್ತು. ಅವರು ಒಮ್ಮೆ ನನ್ನನ್ನು, ಒಮ್ಮೆ ಕಲ್ಲನ್ನು ನೋಡಿ, ಯಾರೆಂದೂ ಕೇಳದೆ ಸಿಮೆಂಟು ಕಲಸತೊಡಗಿದರು.

ಮಧ್ಯಾಹ್ನವಾಯಿತು. ಬೇಯಿಸಿದ ಮರಗೆಣಸು, ಬಂಗುಡೆ ಸಾರು ಬಂತು. ಮರಗೆಣಸು ಅನ್ನವಲ್ಲವಲ್ಲ ಎಂದು ಕೂತೆ. ಹಿಂದೆಯೇ ಅನ್ನವೂ ಬಂತು. ಅಷ್ಟರಲ್ಲಿ ಕೈ ತಡೆಯುವ ಸ್ಥಿತಿಯಲ್ಲಿರಲಿಲ್ಲ. ಉಣ್ಣುತ್ತಿರುವಾಗ ಕುರಿಯನ್ ನೋಟು ಮುಂದೆ ಮಾಡಿದರು. “ಮೇಸ್ತ್ರಿ, ಇದು ಇಟ್ಕೊಳ್ಳಿ.”

“ನಾನು ಕೂಲಿಗೆ ಬಂದವನಲ್ಲ ಮಾರಾಯ್ರೆ!”

“ಮತ್ತೆ ಎಂತಕ್ಕೆ ಬಂದದ್ದು?”

ಬಾಯಿಯಲ್ಲಿ ಅವರದೇ ಮೀನಿತ್ತು. ಬೇಡವೆನ್ನುವ ಮಾತು ಅದರ ಜೊತೆಗೇ ಒಳಗೆ ಹೋಯಿತು.

ಮನೆಯಲ್ಲಿ ಹೆಂಡತಿ ಕಮಲ ಕಾಯುತ್ತಿದ್ದಳು. “ಹೇಳಿದ್ರಾ?”

“ಮೆಟ್ಟಿಲು ಸರಿ ಮಾಡಿದೆ.”

“ಉಂಡ್ರಾ?”

“ಕೆಲಸ ಮಾಡಿದವ ಉಣ್ಣುದು ಬೇಡವಾ? ಅದು ಕೆಲಸದವನ ಊಟ.”

“ಕೂಲಿ ತಗೊಂಡ್ರಾ?”

“ಛೆ! ಎಂತ ಮಾತು!”

“ಹಾಗಾದ್ರೆ ಅದು ಸಂಬಂಧದ ಊಟವೇ. ಪುತ್ತೂರಿಗೆ ನೀವೇ ಫೋನ್ ಮಾಡಿ.”

ಮಾಡಿದೆ. ಆ ಕಡೆಯಿಂದ ಕೇಳಬೇಕಾದದ್ದನ್ನೆಲ್ಲ ನಿಂತೇ ಕೇಳಿದೆ. ರೂಢಿ ನನ್ನದೇ, ಹೊಟ್ಟೆಯೂ ನನ್ನದೇ, ಯಾರನ್ನು ಬೈಯಲಿ? ಒಳಗಿನಿಂದ ದೀಕ್ಷಾ, “ಬಂಗುಡೆ ಹೇಗಿತ್ತು ಅಪ್ಪ?” ಎಂದು ಕೇಳಿದಳು. ಮನೆ ಸರೀ ನೋಡಿ ಎಂದದ್ದು ಏಕೆಂದು ಆಗ ಹೊಳೆಯಿತು. ಆ ಮೆಟ್ಟಿಲು ಜಗ್ಗಿದ್ದು ಅವಳ ಕಣ್ಣಿಗೆ ಮೊದಲೇ ಬಿದ್ದಿರಬೇಕು. ಎಷ್ಟೆಂದರೂ ಮೇಸ್ತ್ರಿಯ ಮಗಳು.

ಈಗ ನನಗಿರುವುದು ಒಬ್ಬಳು ಹೆಂಡತಿ, ಒಬ್ಬಳು ಮಗಳು, ಒಬ್ಬ ಅಳಿಯ, ಎರಡು ಕರಣೆ. ಒಂದನ್ನು ನೆಟ್ಟಣದಲ್ಲೇ ಇಟ್ಟಿದ್ದೇನೆ.