ಇಡೀ ವರ್ಷ ಶ್ರಾವಣ ಮಾಡಿದ ಮಾವ

ಜ್ವರ ಭೂಮಿಗೆ, ಪಥ್ಯ ನಮ್ಮ ಸೋದರಮಾವನಿಗೆ! ಇಂಥವರು ನಿಮ್ಮ ಕಡೆ ಯಾರಾದರೂ ಇದ್ದಾರೆಯೇ? ಕುವೆಂಪುನಗರದಲ್ಲಿ ಒಬ್ಬರಿದ್ದಾರೆ. ಹೆಬ್ಬಾಳದ ಕಾರ್ಖಾನೆಯಿಂದ ನಿವೃತ್ತರಾಗಿ, ಅತ್ತೆಯೂ ತೀರಿಕೊಂಡ ಮೇಲೆ, ಹೊತ್ತು ಹೋಗದೆ ಮಾವ ಮೊಬೈಲಿನಲ್ಲಿ ಏನೇನೋ ನೋಡತೊಡಗಿದರು. ಕುರಿ, ದನಗಳು ಮೆಲುಕು ಹಾಕಿ ತೇಗಿದಾಗ ಹೊರಬರುವ ಗಾಳಿಯಿಂದ ಭೂಮಿ ಬಿಸಿಯೇರುತ್ತದೆ, ಅವುಗಳ ಮೇವಿಗೆಂದು ಕಾಡು ಬೋಳಾಗುತ್ತದೆ ಎಂದು ತಿಳಿದದ್ದೇ ತಡ, ಬಾಡು ಬಿಟ್ಟರು. ಭಾನುವಾರ ಮಾಂಸದ ಸಾರಿನ ವಾಸನೆ ಬರದಿದ್ದರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದುಕೊಳ್ಳುವ ಬೇಸಾಯದ ಮನೆತನ ನಮ್ಮದು.

ಹಾಗೆಂದು ನಮ್ಮವರು ಬಾಡು ಬಿಡುವುದೇ ಇಲ್ಲವೆಂದಲ್ಲ. ಸೋಮವಾರ ಬಿಡುತ್ತಾರೆ, ಶನಿವಾರ ಬಿಡುತ್ತಾರೆ, ಶ್ರಾವಣದಲ್ಲಿ ತಿಂಗಳಿಡೀ ಬಿಡುತ್ತಾರೆ. ದೇವರಿಗಾಗಿ ಬಿಟ್ಟರೆ ಭಕ್ತಿ, ಡಾಕ್ಟರಿಗಾಗಿ ಬಿಟ್ಟರೆ ಭಯ. ಭೂಮಿಗಾಗಿ ಬಿಟ್ಟರೆ? ತಲೆ ಕೆಟ್ಟಿದೆ ಎನ್ನುತ್ತಾರೆ, ಇನ್ನೇನು!

ಬೋಗಾದಿಯ ಛತ್ರದಲ್ಲಿ ನನ್ನ ತಂಗಿಯ ಮದುವೆಯ ಬೀಗರ ಊಟ. ಬಾಡಿನ ಸಾರು ಬಂದಾಗ ಮಾವ ಎಲೆಗೆ ಕೈ ಅಡ್ಡ ಹಿಡಿದರು.

"ಯಾಕ್ ಸಾರ್, ಇವತ್ತು ಸೋಮ್ವಾರ ಅಲ್ವಲ್ಲ?" ಎಂದ ಬಡಿಸುವವನು.

"ಭೂಮಿ ಬಿಸಿಯಾಗ್ತಾ ಅದೆ ಕಣಪ್ಪ."

"ಇಲ್ಲಿ ಸಾರು ಆರೋಯ್ತಾ ಅದೆ ಸಾರ್, ಬೇಗ ಹೇಳಿ."

ಎದುರು ಸಾಲಿನ ಬೀಗರು ಕೈಯಲ್ಲಿ ಮೂಳೆ ಹಿಡಿದುಕೊಂಡೇ ಕುರಿಯ ತೇಗಿನ ಕಥೆಯನ್ನು ಪೂರ್ತಿ ಕೇಳಬೇಕಾಯಿತು. ಆಮೇಲೆ ನೆಂಟರು ಮಾವನಿಗೆ ಲಗ್ನಪತ್ರಿಕೆ ಕೊಡುವುದನ್ನೇನೂ ಬಿಡಲಿಲ್ಲ. "ಊಟಕ್ಕೆ ಬಂದ್ಬುಡಿ" ಎನ್ನುವುದನ್ನು ಮಾತ್ರ ಬಿಟ್ಟರು.

ಪಕ್ಕದ ಮನೆಯ ಲಿಂಗಾಯತ ಬಟ್ಟೆ ವ್ಯಾಪಾರಿಗಳಿಗೆ ಮಾತ್ರ ಬಲು ಸಂತೋಷ. "ಅಂತೂ ನಮ್ಮ ದಾರಿಗೆ ಬಂದ್ರಲ್ಲ" ಎಂದು ಮನೆಗೆ ಕರೆದು, ಹೋಳಿಗೆಯ ಮೇಲೆ ತುಪ್ಪ ಸುರಿದರು. ಮಾವ ತೆಪ್ಪಗೆ ತಿಂದು ಏಳಬಾರದೆ? "ಹಸೂನೂ ತೇಗ್ತದೆ ಕಣ್ರೀ" ಎಂದುಬಿಟ್ಟರು. ಅವರು ತುಪ್ಪದ ಚಮಚವನ್ನು ಬಟ್ಟಲಿಗೆ ಹಾಕಿ ಮುಚ್ಚಿಟ್ಟರು. ಅಲ್ಲಿಗೆ ಆ ಸಾಲೂ ಹೋಯಿತು, ಈ ಸಾಲೂ ಹೋಯಿತು. ಮಾವ ಒಬ್ಬರೇ ಸೊಪ್ಪಿನ ಸಾರು ಮಾಡಿಕೊಂಡು, ಟೀವಿಯವರ ಮಾತು ಕೇಳಿಕೊಂಡು ಉಣ್ಣತೊಡಗಿದರು. ಜೊತೆಗೆ ಉಣ್ಣುವವರಿಲ್ಲದ ಬೇಸರ ಅವರಿಗೆ ಬಹಳ ಇತ್ತು. ಬಾಯಿಬಿಟ್ಟು ಹೇಳುವ ಆಸಾಮಿಯಲ್ಲ, ಅಷ್ಟೇ.

ಅಷ್ಟರಲ್ಲಿ ಪಿತೃಪಕ್ಷ ಬಂತು. ಸತ್ತವರು ಬದುಕಿದ್ದಾಗ ಏನು ಇಷ್ಟಪಡುತ್ತಿದ್ದರೋ ಅದನ್ನೇ ಮಾಡಿ ಅವರಿಗೆ ಎಡೆ ಇಡುವುದು, ಆಮೇಲೆ ಮನೆಯವರೆಲ್ಲ ಅದನ್ನು ಉಣ್ಣುವುದು ನಮ್ಮ ಪದ್ಧತಿ. ಅತ್ತೆಗೋ ಕುರಿಯ ತಲೆಕಾಲು ಸಾರೆಂದರೆ ಪ್ರಾಣ!

ಅಮ್ಮ ಫೋನಿನಲ್ಲೇ ಅಣ್ಣನನ್ನು ತರಾಟೆಗೆ ತೆಗೆದುಕೊಂಡಳು. "ಅತ್ತಿಗೆ ಮುಂದೆ ಸೊಪ್ಪು ಇಟ್ಟೀಯಾ? ಎಡೆ ಮುಟ್ಟದೆ ವಾಪಸ್ ಹೋಗ್ತಾಳೆ ನೋಡು. ನಾವೂ ಬರಲ್ಲ, ಬುಡು."

ಯಾರೂ ಹೋಗಲಿಲ್ಲ. ಸೊಪ್ಪಿನ ಎಡೆ ಹೇಗಿರುತ್ತದೋ ನೋಡೋಣವೆಂದು ನಾನೊಬ್ಬನೇ ಹೋದೆ. ಗೇಟಿನ ಹತ್ತಿರವೇ ಮಸಾಲೆ ಘಮ್ಮೆಂದಿತು. ಮಾವ ತಾವೇ ಅಂಗಡಿಗೆ ಹೋಗಿ ತಂದು, ಸುಟ್ಟು, ತೊಳೆದು, ಬೇಯಿಸಿ ಅತ್ತೆಯ ಫೋಟೋದ ಮುಂದೆ ಎಲೆ ತುಂಬ ಬಡಿಸಿದ್ದರು.

"ಇದೇನ್ ಮಾವ? ಭೂಮಿ ಗತಿ?"

"ಭೂಮಿ ಚಿಂತೆ ನಂದು ಕಣೋ. ಬದುಕಿದ್ದಾಗ್ಲೇ ಒಂದಿನ ನನ್ನ ಮಾತು ಕೇಳ್ದೋಳಲ್ಲ. ಈಗ ತಿರುಗಿ ಮಾತಾಡಕ್ಕಾಗಲ್ಲ ಅಂತ ಬಲವಂತ ಮಾಡಕ್ಕಾಯ್ತದಾ?"

ಎಡೆ ಇಟ್ಟ ಮೇಲೆ, ಹೋದವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ನಿಲ್ಲಬೇಕು. ನಿಂತೆವು. ರಸ್ತೆಯಲ್ಲಿ ಸ್ಕೂಟರುಗಳು ಓಡಾಡುತ್ತಿದ್ದವು. ಮಾವ ಬಾಗಿಲ ಕಡೆ ಬಗ್ಗಿ ಮೆಲ್ಲಗೆ, "ನಿಧಾನ್ವಾಗಿ ಉಣ್ಣು, ನಾನೇನೂ ಅನ್ನಕಿಲ್ಲ" ಎಂದರು. ನನಗೆ ನಗು ಬರಬೇಕಿತ್ತು, ರಸ್ತೆಯ ಕಡೆ ತಿರುಗಿ ಸ್ಕೂಟರು ಎಣಿಸತೊಡಗಿದೆ.

ಒಳಗೆ ಹೋಗಿ ಎದುರುಬದುರು ಕೂತೆವು. ನನಗೆ ತಲೆಕಾಲು ಸಾರು, ಅವರಿಗೆ ಸೊಪ್ಪಿನ ಸಾರು. ಈಗ ಶುರುವಾಗುತ್ತದೆ ಕುರಿಯ ತೇಗು ಎಂದು ಕಾದೆ. ಬರಲಿಲ್ಲ. ಮಾವ ನನ್ನ ತಟ್ಟೆಯನ್ನೇ ನೋಡುತ್ತಿದ್ದರು. ಬಡಿಸಿದ್ದೆಲ್ಲ ಮುಗಿಸಿ, "ಹೊಟ್ಟೆ ತುಂಬೋಯ್ತು, ಏಳ್ತೀನಿ ಮಾವ" ಎಂದೆ.

"ವಸಿ ಹೊತ್ತು ಕೂತ್ಕೊಳ್ಳೋ" ಎಂದರು. "ಎದುರುಗಡೆ ಒಬ್ರು ಕೂತು ಉಣ್ಣೋದ ನೋಡಿ ಬಾಳ ದಿನ ಆಗಿತ್ತು."

ಹೊಟ್ಟೆಯಲ್ಲಿ ಎಳ್ಳಷ್ಟೂ ಜಾಗವಿರಲಿಲ್ಲ.

"ಇನ್ನೊಂದು ಮುದ್ದೆ ಹಾಕಿ ಮಾವ" ಎಂದೆ.