ಹಸಿರು ಹಕ್ಕಿಯ ಪ್ರಭಾವಳಿ

ನನ್ನ ಒರಗುಕುರ್ಚಿ ಈಗ ಎಲ್ಲಿದೆ ಅಂತ ಕೇಳಿ. ಬಾಲ್ಕನಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದೆ. ಅದು ಇಪ್ಪತ್ತೆರಡು ವರ್ಷ ಆಳಿದ ಮೂಲೆಯಲ್ಲಿ ಈಗ ಒಂದು ವಿದ್ಯುತ್ ಕುಲುಮೆ ಪಟ್ಟವೇರಿದೆ. ನೋಡಲು ಮುಚ್ಚಳವಿರುವ ಡ್ರಮ್ಮು. ಹೊಟ್ಟೆಯೊಳಗೆ ಎಂಟುನೂರು ಡಿಗ್ರಿ ಬೆಂಕಿ. ನನ್ನ ಹೆಂಡತಿ ಅದರೊಳಗೆ ಬಣ್ಣದ ಗಾಜಿನ ಚೂರುಗಳನ್ನು ಜೋಡಿಸಿಟ್ಟು, ಕರಗಿಸಿ ಬೆಸೆದು, ತಟ್ಟೆ ಮಾಡುತ್ತಾಳೆ, ಕಿಟಕಿಗೆ ತೂಗುಹಾಕುವ ಫಲಕ ಮಾಡುತ್ತಾಳೆ.

ದೂರು ಹೇಳಲು ಕೂತವನು ಹೊಗಳತೊಡಗಿದರೆ ಕ್ಷಮಿಸಿ. ಆದರೆ ಅವಳು ಗಾಜು ಕತ್ತರಿಸುವುದನ್ನು ನೀವು ನೋಡಬೇಕು. ಪುಟ್ಟ ಚಕ್ರದ ಕಡ್ಡಿಯಿಂದ 'ಸರ್ರ್' ಅಂತ ಒಂದು ಗೀಟು ಎಳೆಯುತ್ತಾಳೆ, ಎರಡು ಹೆಬ್ಬೆರಳಿಟ್ಟು ಸುಮ್ಮನೆ ಒತ್ತುತ್ತಾಳೆ. ಗಾಜು ಅವಳು ಹೇಳಿದಲ್ಲೇ ಮುರಿಯುತ್ತದೆ. (ಇಷ್ಟು ವರ್ಷಗಳಲ್ಲಿ ನಾನೊಮ್ಮೆಯೂ ಅಷ್ಟು ಬೇಗ ಮಾತು ಕೇಳಿದವನಲ್ಲ.)

ಹೀಗಿರುವಾಗ ಗ್ರಂಥಾಲಯದಿಂದ ಕರೆ ಬಂತು. ಬಾಗಿಲ ಪಕ್ಕದ ಕಿಟಕಿಗೆ ಒಂದು ಫಲಕ ಬೇಕಂತೆ. ನಾಲ್ಕು ಜನರೆದುರು ಪರದೆ ಸರಿಸಿ ತೋರಿಸುತ್ತಾರಂತೆ. ಮನೆಯ ಹೊರಗಿನವರು ಅವಳನ್ನು ಕೇಳಿಕೊಂಡದ್ದು ಅದೇ ಮೊದಲು. ಮೂರು ವಾರ ಕಾಗದದ ಮೇಲೆ ಚಿತ್ರ ಬರೆದಳು, ಹರಿದಳು, ಬರೆದಳು. ಊಟಕ್ಕೆ ಕೂತರೂ ಬೆರಳು ತಟ್ಟೆಯಂಚಿನಲ್ಲಿ ರೆಕ್ಕೆ ಬಿಡಿಸುತ್ತಿತ್ತು.

ಕೊನೆಗೊಂದು ಭಾನುವಾರ ಬೆಳಿಗ್ಗೆ ಕುಲುಮೆಯೊಳಗೆ ಎಲ್ಲ ಜೋಡಿಸಿಟ್ಟು ಸ್ನಾನಕ್ಕೆ ಹೋದಳು. ನಾನು ಇಣುಕಿದೆ. ಎಡಗಡೆ ಒಂದು ನೀಲಿ ಹಕ್ಕಿ ಹಾರುತ್ತಿದೆ. ಬಲಗಡೆ? ಏನೂ ಇಲ್ಲ! ಅಂಗೈ ಅಗಲದ ಬರೀ ತಿಳಿಗಾಜು, ಖಾಲಿ!

ಇಲ್ಲಿ ನನ್ನ ಕಸುಬು ಹೇಳಿಬಿಡಬೇಕು. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಬಿಟ್ಟುಹೋದ ಅಕ್ಷರ ಸೇರಿಸುವುದು, ಬೇಡದ್ದರ ಮೇಲೆ ಕೆಂಪು ಪೆನ್ಸಿಲಿನಿಂದ ಬಾಲ ಸುತ್ತಿದ ಗುರುತು ಹಾಕುವುದು – 'ಇದನ್ನು ತೆಗೆಯಿರಿ' ಅಂತ – ದಿನಕ್ಕೆ ನೂರು ಸಲ. ಖಾಲಿ ಜಾಗ ಕಂಡರೆ ನನ್ನ ಕೈ ತುರಿಸುತ್ತದೆ. ಪಾಪ, ಅವಸರದಲ್ಲಿ ಮರೆತಿದ್ದಾಳೆ ಅಂದುಕೊಂಡೆ. ಹಿಂದಿನ ದಿನ ನನ್ನ ಕೈಯಿಂದಲೇ ಒಡೆದ ಎಣ್ಣೆ ಶೀಶೆಯ ಹಸಿರು ಚೂರೊಂದು ಥೇಟ್ ಹಕ್ಕಿಯ ಹಾಗಿತ್ತು. (ಕೊಕ್ಕನ್ನು ಮಾತ್ರ ಕಲ್ಪಿಸಿಕೊಳ್ಳಬೇಕು.) ತೊಳೆದೆ, ಒರೆಸಿದೆ, ಖಾಲಿ ಆಕಾಶದಲ್ಲಿ ಹಾರಿಬಿಟ್ಟೆ. ಮುಚ್ಚಳ ಹಾಕಿದೆ. ಅವಳು ಬಂದವಳೇ ಗುಂಡಿ ಒತ್ತಿದಳು.

ಬಿಸಿಯಾಗಿ, ಕರಗಿ, ತಣಿಯಲು ಒಂದು ಹಗಲು ಒಂದು ರಾತ್ರಿ. ಮರುದಿನ ಮುಚ್ಚಳ ತೆಗೆದವಳು ಹಾಗೇ ನಿಂತಳು. ಫಲಕವನ್ನು ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಅದನ್ನು ತಂಪು ಕನ್ನಡಕದ ಹಾಗೆ ಆಚೆ ಕಾಣುವ ಎರಡು ಕಪ್ಪು ಹಾಳೆಗಳ ನಡುವೆ ಹಿಡಿದು ಬೆಳಕಿಗೊಡ್ಡಿದಳು. ನಾನೂ ಕತ್ತು ಚಾಚಿದೆ. ಏನು ಹೇಳಲಿ! ನೀಲಿ ಹಕ್ಕಿ ಸುಮ್ಮನೆ ನೀಲಿ. ನನ್ನ ಹಸಿರು ಹಕ್ಕಿಯ ಸುತ್ತ ಮಾತ್ರ ಬೆಳ್ಳಗೆ ಪ್ರಭಾವಳಿ! ಮಹಾತ್ಮರ ತಲೆಯ ಹಿಂದೆ ಇರುತ್ತದಲ್ಲ, ಅಂಥದ್ದು.

"ಹೇಗಿದೆ?" ಅಂದೆ, ಮೀಸೆಯ ಮೇಲೆ ಕೈಯಾಡಿಸುತ್ತ.

"ಹೇಳೋಕೆ ಮಾತೇ ಬರ್ತಿಲ್ಲ ಕಣ್ರೀ" ಅಂದಳು.

ಇದಕ್ಕಿಂತ ಪ್ರಶಸ್ತಿ ಬೇಕೆ? ಎರಡು ದಿನ ಬಿಟ್ಟು ಕುಲುಮೆ ಮತ್ತೆ ಬಿಸಿಯಾಯಿತು. ಯಾವುದೋ ತಟ್ಟೆಯಿರಬೇಕು ಅಂದುಕೊಂಡೆ. ಅಷ್ಟರಲ್ಲಿ ನನ್ನ ಹಕ್ಕಿಯ ಸುದ್ದಿ ಅಚ್ಚುಕೂಟ ದಾಟಿ, ಕ್ಷೌರದಂಗಡಿ ದಾಟಿ, ಫೋನಿನಲ್ಲಿ ಅತ್ತೆಯವರ ಕಿವಿಯನ್ನೂ ಮುಟ್ಟಿತ್ತು.

ಗ್ರಂಥಾಲಯದಲ್ಲಿ ಮೂವತ್ತು ಜನ, ಅತ್ತೆಯವರೂ ಸೇರಿ. ಕಿಟಕಿಗೆ ಪರದೆ. ಗ್ರಂಥಪಾಲಕಿ ಅವಳಿಗೆ ಎರಡು ಮಾತಾಡಿ ಅಂದರು. ಅವಳು ನಾಚಿ, ಒಲ್ಲೆ ಅಂತ ತಲೆಯಾಡಿಸಿದಳು. ಖಾಲಿ ಜಾಗ! ನಾನು ಎದ್ದು ನಿಂತೆ.

"ಕಲೆ ಅವಳದು. ಆದರೆ ಬಲಗಡೆಯ ಆ ಹಸಿರು ಹಕ್ಕಿ ಇದೆಯಲ್ಲ, ಅದು ಈ ಬಡವನ ಕಾಣಿಕೆ. ಅದಿಲ್ಲದಿದ್ದರೆ ಚಿತ್ರ ಅಪೂರ್ಣ!"

ಪರದೆ ಸರಿಯಿತು. ನೀಲಿ ಹಕ್ಕಿ ಇತ್ತು. ಅದರ ಮುಂದೆ ತಿಳಿಗಾಜು, ತಿಳಿಗಾಜಿನ ತುಂಬ ಬೆಳಗಿನ ಬೆಳಕು, ಅದರಾಚೆ ನಿಜವಾದ ಆಕಾಶ. ಹಕ್ಕಿ ಆ ಆಕಾಶಕ್ಕೇ ಹೊರಟಂತಿತ್ತು. ಮೂವತ್ತು ಜನ ಒಟ್ಟಿಗೆ "ಆಹಾ" ಅಂದರು. ಆಮೇಲೆ ಒಟ್ಟಿಗೆ ನನ್ನತ್ತ ತಿರುಗಿದರು.

"ನಿಮ್ಮ ಹಕ್ಕಿ ಎಲ್ಲಿ ಸಾರ್?" ಗ್ರಂಥಪಾಲಕಿ ಕೇಳಿದರು.

"ಹಾರಿಹೋಯ್ತೇನೋ, ಅಳಿಯಂದ್ರೇ!" ಅಂದರು ಅತ್ತೆ, ಹಾಲಿಗೆಲ್ಲ ಕೇಳುವಂತೆ.

ಮನೆಗೆ ಬಂದರೆ ನನ್ನ ಹಕ್ಕಿಯ ಫಲಕ ನನ್ನ ಮೇಜಿನ ಮೇಲೇ ಮಲಗಿತ್ತು. ಇವಳು ಎರಡನೆಯದನ್ನು ಮಾಡಿ ತೂಗುಹಾಕಿದ್ದಳು!

"ಗಾಜು ಗಾಜಿಗೂ ಹಿಗ್ಗೋದು ಕುಗ್ಗೋದು ಬೇರೆ ಬೇರೆ ಕಣ್ರೀ. ಬೇರೆ ಜಾತಿ ಗಾಜು ಸೇರಿಸಿದ್ರೆ ಒಳಗೊಳಗೇ ಎಳೆದಾಡಿ ಒಡೆಯುತ್ತೆ ಅಂತ ಹತ್ತು ಸಲ ಹೇಳಿದ್ದೆ. ನೀವು ಪೇಪರ್ ಓದ್ತಾ 'ಹೂಂ' ಅಂದಿದ್ರಿ."

"ಮತ್ತೆ ಆ ಪ್ರಭಾವಳಿ?"

"ಅದೇ ಎಳೆದಾಟ. ಕಪ್ಪು ಹಾಳೇಲಿ ಹಾಗೆ ಕಾಣುತ್ತೆ."

"ಅವತ್ತೇ ಹೇಳಬಾರದಿತ್ತಾ?"

"ಹೇಳಿದ್ರೆ ತಿದ್ದೋಕೆ ಇನ್ನೊಂದು ಹಕ್ಕಿ ತರ್ತಿದ್ರಿ."

ನಾನು ಸೋಲುವವನಲ್ಲ. "ನೋಡು, ವಾರ ಆಯ್ತು. ಒಂದು ಕೂದಲೆಳೆ ಬಿರುಕಿಲ್ಲ. ನಿನ್ನ ಶಾಸ್ತ್ರ ನಿನ್ನ ಹತ್ರಾನೇ ಇಟ್ಕೋ" ಅಂದು ಫಲಕದ ಮೇಲೆ ಬೆರಳಿಟ್ಟು ತೋರಿಸಿದೆ.

'ಟಿಣ್.'

ಬಿರುಕು ಹಸಿರು ಹಕ್ಕಿಯ ಸುತ್ತ ಅಚ್ಚುಕಟ್ಟಾಗಿ ಒಂದು ಪ್ರದಕ್ಷಿಣೆ ಹಾಕಿತು. ಎತ್ತಿದರೆ ನೀಲಿ ಹಕ್ಕಿ ಇಡಿಯಾಗಿ ಕೈಗೆ ಬಂತು. ನನ್ನದೊಂದೇ ಮೇಜಿನ ಮೇಲೆ ಉಳಿಯಿತು.

ಅದರ ಕೆಳಗೊಂದು ಚೀಟಿ ಇತ್ತು. ನನ್ನದೇ ಕೆಂಪು ಪೆನ್ಸಿಲಿನಲ್ಲಿ, ನಾನು ದಿನಕ್ಕೆ ನೂರು ಸಲ ಹಾಕುವ ಆ ಬಾಲ ಸುತ್ತಿದ ಗುರುತು. ಸುತ್ತು ನನ್ನದಕ್ಕಿಂತ ಚೆನ್ನಾಗಿತ್ತು.